ಮಾಲಿಂಗನ ಬಳ್ಳಿ ಮತ್ತು ಬಿಳಿ ಪೆಟ್ಟಿಗೆ

ನಾನು ಒಂದು ಡೀಸೆಲ್ ಬಾಯ್ಲರ್. ಬೆಳಗಾವಿಯ ಒಂದು ಶೆಡ್ಡಿನಲ್ಲಿ ಉಕ್ಕಿನ ಹಾಳೆ ಬಗ್ಗಿಸಿ, ಬೆಸೆದು ನನ್ನನ್ನು ಮಾಡಿದರು. ಹುಟ್ಟಿದ ದಿನವೇ ಹೊಟ್ಟೆಗೆ ಬೆಂಕಿ ಬಿತ್ತು. ಅಂದಿನಿಂದ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ.

ಮೊದಲು ಹುಬ್ಬಳ್ಳಿಯ ಒಂದು ಲಾಡ್ಜಿನ ಹಿತ್ತಲಲ್ಲಿದ್ದೆ. ನೀರು ಬಿಸಿಯಿದ್ದರೆ ಗಿರಾಕಿಗಳು ಹಾಡುತ್ತಿದ್ದರು, ತಣ್ಣಗಿದ್ದರೆ ಬೈಯುತ್ತಿದ್ದರು. ನನ್ನ ಮುಖ ನೋಡಿದವರಿಲ್ಲ. ಲಾಡ್ಜು ಮುಚ್ಚಿತು. ಧಾರವಾಡದ ಒಂದು ಹೆರಿಗೆ ಆಸ್ಪತ್ರೆಗೆ ಬಂದೆ. ಅಲ್ಲಿ ನನಗೆ ಬೆಂಕಿ ಹಚ್ಚುವವನು ಮಕ್ತುಮಸಾಬ. ಬಾಣಂತಿಯರಿಗೆ ಎರೆಯುವ ನೀರು, ಕೂಸುಗಳ ಜಳಕದ ನೀರು, ಎಲ್ಲ ನನ್ನದೇ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಆಯಾ ರುದ್ರವ್ವ ನನಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ, ಮನೆಯ ಹಂಡೆಯಂತೆ ಪೂಜಿಸುತ್ತಿದ್ದಳು. ಆ ಒಂದು ಸಂಜೆಗಾಗಿ ವರ್ಷವಿಡೀ ಉರಿಯುತ್ತಿದ್ದೆ.

ಈ ವರ್ಷ ಹೊಸ ನಿಯಮ ಬಂತು. ಕಟ್ಟಡಗಳಲ್ಲಿ ಡೀಸೆಲ್ ಸುಟ್ಟು ನೀರು ಕಾಯಿಸುವಂತಿಲ್ಲವಂತೆ. ನನ್ನ ಹೊಗೆಯಿಂದ ಮಕ್ತುಮಸಾಬನಿಗೆ ಕೆಮ್ಮು ಹತ್ತಿದ್ದು ನಿಜ. ಆದರೂ ಹೊಟ್ಟೆ ಉರಿಯಿತು. ನನ್ನ ಬಾಗಿಲಿಗೆ ಸೀಲು ಬಿತ್ತು. ಗಾಳಿಯಿಂದಲೇ ಶಾಖ ಎಳೆದು ನೀರು ಕಾಯಿಸುವ ಬಿಳಿ ಪೆಟ್ಟಿಗೆಯೊಂದು ಬಂದು ನನ್ನೆದುರೇ ಕೂತಿತು. ಬೆಂಕಿಯಿಲ್ಲ, ಹೊಗೆಯಿಲ್ಲ, ಎದೆಯಲ್ಲೊಂದು ಫ್ಯಾನು, ಅಷ್ಟೇ. ಅದು ಕೆಟ್ಟರೆ ಮತ್ತೆ ನನ್ನನ್ನೇ ಕರೆಯುತ್ತಾರೆಂದು ದಿನವೂ ಚಡಪಡಿಸಿದೆ.

ಹಬ್ಬದ ಸಂಜೆ ರುದ್ರವ್ವ ಬಳ್ಳಿ ತಂದಳು. ನನ್ನತ್ತ ಒಮ್ಮೆ ನೋಡಿ ಅದರ ಕಡೆ ತಿರುಗಿದಳು.

"ಈಗ ನೀರ ಕಾಸೂದು ಇದ. ಪೂಜಿ ಇದಕ್ಕ ಆಗ್ಬೇಕು."

ಫ್ಯಾನಿನ ಬಾಯಿಗೆ ಬಳ್ಳಿಯನ್ನು ದಟ್ಟವಾಗಿ ಸುತ್ತಿ, ಮೇಲೆ ಚೆಂಡುಹೂವಿನ ಹಾರ ಹಾಕಿದಳು. ನನಗೆ ನೋಡಲಾಗಲಿಲ್ಲ.

ನಸುಕಿಗೆ ಪೆಟ್ಟಿಗೆ ನಿಂತುಹೋಗಿತ್ತು, ನೀರೆಲ್ಲ ತಣ್ಣೀರು. ಮೈತುಂಬ ಎಣ್ಣೆ ಹಚ್ಚಿಸಿಕೊಂಡ ಬಾಣಂತಿ ಮೇಲಿನ ಮಹಡಿಯಲ್ಲಿ ನಡುಗುತ್ತಿದ್ದಳು. ಅವಳ ಕೂಸಿನ ಅಳು ಇಲ್ಲಿಗೂ ಕೇಳುತ್ತಿತ್ತು. ಮಕ್ತುಮಸಾಬ ಓಡಿ ಬಂದು ನನ್ನ ಸೀಲಿನ ಮೇಲೆ ಕೈಯಿಟ್ಟ. ನಾನು ಕಾಯುತ್ತಿದ್ದದ್ದು ಇದಕ್ಕೇ.

"ಹಚ್ಚಿಬಿಡು ಮಕ್ತುಮಣ್ಣ, ಬಾಣಂತಿಗೆ ಥಂಡಿ ಹಿಡೀತೈತಿ," ಎಂದಳು ರುದ್ರವ್ವ.

"ಸೀಲ್ ಒಡದ್ರ ದವಾಖಾನಿನ ಮುಚ್ಚಸ್ತಾರವ್ವ," ಎಂದವನಿಗೆ ಕೆಮ್ಮು ಒತ್ತರಿಸಿ ಬಂತು. ಉಸಿರೇ ಸಿಗಲಿಲ್ಲ. ರುದ್ರವ್ವ ಅವನ ಕೊರಳಿನ ಮಫ್ಲರ್ ಬಿಚ್ಚಿ ಸಡಿಲ ಮಾಡಿದಳು. ಹಾಗೆಯೇ ತಿರುಗಿ ಬಿಳಿ ಪೆಟ್ಟಿಗೆಯನ್ನು ನೋಡಿದಳು.

"ಅಯ್ಯ, ಇದರ ಉಸುರೂ ನಾನ ಕಟ್ಟೇನಿ."

ಬಳ್ಳಿ, ಹಾರ ಎಲ್ಲ ಕಿತ್ತಳು. ಮಕ್ತುಮಸಾಬ ಗುಂಡಿ ಒತ್ತಿದ. ಫ್ಯಾನು ತಿರುಗಿತು. ಹೊತ್ತೇರುವಷ್ಟರಲ್ಲಿ ಮೇಲೆ ಬಿಸಿನೀರು ಸುರಿಯುವ ಸದ್ದಾಯಿತು, ಕೂಸು ಸುಮ್ಮನಾಯಿತು. ನನಗೂ ಹಾಯೆನಿಸಿತು, ಹಾಗೆನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ರುದ್ರವ್ವ ಕಿತ್ತ ಬಳ್ಳಿಯನ್ನು ತಂದು ನನ್ನ ಕೊರಳಿಗೆ ಸುತ್ತಿದಳು.

"ನಿನಗ ಇನ್ನ ಉಸುರಿನ ಚಿಂತಿಲ್ಲ. ನೀನ ಕಟ್ಟಿಕೋ."

ಈಗ ಗುಜರಿಯ ಮೂಲೆಯಲ್ಲಿದ್ದೇನೆ. ಬಳ್ಳಿ ಒಣಗಿದೆ. ಪಕ್ಕದವರನ್ನು ಕತ್ತರಿಸುವ ಸದ್ದು ಹತ್ತಿರವಾಗುತ್ತಿದೆ. ನನ್ನನ್ನು ಕರಗಿಸಿ ಏನು ಮಾಡುತ್ತಾರೋ ತಿಳಿಯದು. ಒಂದು ಬಕೆಟ್ಟು ಮಾಡಿದರೂ ಸಾಕು. ಕೂಸಿನ ಜಳಕಕ್ಕೆ ಬಿಸಿನೀರು ಹಿಡಿಯುತ್ತೇನೆ. ಕಾಯಿಸಿದವರು ಯಾರೇ ಇರಲಿ.