ಕಿಟಕಿಯ ಹತ್ತಿರ ನಿಂತುಬಿಟ್ಟ ಸಿಗ್ನಲ್

ನಮ್ಮ ಪ್ರಾಜೆಕ್ಟಿಗೆ ನಡಿಗೆ ಕಲಿಸಿದ್ದು ನಮ್ಮಜ್ಜಿ. ರಿಪೋರ್ಟಿನಲ್ಲಿ ಅಜ್ಜಿಗೊಂದು ಥ್ಯಾಂಕ್ಸ್ ಹಾಕೋಣ ಅಂದರೆ ಮೀಟರ್ ಒಪ್ಪಲಿಲ್ಲ. ಮೀಟರ್ ಅಂದರೆ ನನ್ನ ಪ್ರಾಜೆಕ್ಟಿನ ಜೊತೆಗಾತಿ. ಟೀಗೆ ಸಕ್ಕರೆಯನ್ನೂ ಅಳೆದು ಹಾಕಿಕೊಳ್ಳುವವಳು. ಅವಳಿಗೆ ಆಗಲೇ ಕೆಲಸ ಸಿಕ್ಕಿತ್ತು, ಪಾಸಾದ ಕಾಗದ ತೋರಿಸಿ ಸೇರುವುದೊಂದೇ ಬಾಕಿ. ಪ್ರಾಜೆಕ್ಟು ಕೈಕೊಟ್ಟರೆ ಇಬ್ಬರೂ ಜೂನಿಯರುಗಳ ಪಕ್ಕ ಕೂತು ಇನ್ನೊಂದು ಸೆಮಿಸ್ಟರ್ ತಳ್ಳಬೇಕಿತ್ತು. ನಾನು ಹೇಗೋ ತಳ್ಳುತ್ತಿದ್ದೆ. ಅವಳ ಕೆಲಸ ಮಾತ್ರ ಬೇರೆ ಯಾರದೋ ಪಾಲಾಗುತ್ತಿತ್ತು.

ಮಾಮೂಲಿ ಆಂಟೆನಾ ಸಿಗ್ನಲನ್ನು ಬಲ್ಬಿನ ಬೆಳಕಿನ ಹಾಗೆ ಸುತ್ತಲೂ ಚೆಲ್ಲುತ್ತದೆ. ನಮ್ಮ ಬೋರ್ಡಿನಲ್ಲಿರುವುದು ಸಾಲು ಸಾಲು ಪುಟ್ಟ ಆಂಟೆನಾಗಳು. ಅವೆಲ್ಲ ಹೊಂದಿಕೊಂಡು ಕೆಲಸ ಮಾಡಿದರೆ ಸಿಗ್ನಲ್ ಟಾರ್ಚಿನ ಬೆಳಕಿನಂತೆ ಒಂದೇ ಕಡೆಗೆ, ಜೋರಾಗಿ ಹೋಗುತ್ತದೆ. ಆ ಬೆಳಕಿಗೆ ಬೀಮ್ ಅನ್ನುತ್ತಾರೆ. ಕಷ್ಟ ಏನೆಂದರೆ, ಫೋನ್ ಹಿಡಿದವರು ನಡೆಯುತ್ತಾರೆ. ಹೆಜ್ಜೆಹೆಜ್ಜೆಗೂ ಎಲ್ಲ ದಿಕ್ಕು ಹುಡುಕುತ್ತ ಕೂತರೆ ಅದರಲ್ಲೇ ಸಮಯ ಹಾಳು. ಅದಕ್ಕೇ ನಮ್ಮದು ಹುಡುಕುವುದಿಲ್ಲ, ಊಹಿಸುತ್ತದೆ. ಮೊದಲು ಜನ ಹೇಗೆ ನಡೆದಿದ್ದರೋ ನೋಡಿ ಕಲಿತು, ಮುಂದೆ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಬೀಮನ್ನು ಮೊದಲೇ ತಿರುಗಿಸಿಡುತ್ತದೆ.

ಕಲಿಸಲು ಯಾರಾದರೂ ನಡೆಯಬೇಕಲ್ಲ. ರಜೆಯಲ್ಲಿ ಲ್ಯಾಬಿಗೆ ಬೀಗ. ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಕೈಕಾಲು ಹಿಡಿದು ಬೋರ್ಡನ್ನು ಮನೆಗೆ ತಂದು ಟೀವಿ ಪಕ್ಕ ಇಟ್ಟೆವು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಅಜ್ಜಿ ಒಬ್ಬರೇ. ಫೋನ್ ಹಿಡಿದುಕೊಂಡು ಓಡಾಡಿದರೆ ಸಾಕು ಅಂದಾಗ, ಓಡಾಡೋದಕ್ಕೂ ಒಂದು ಓದು ಬೇಕಾ ಎಂದು ನಕ್ಕು ಶುರು ಮಾಡಿದರು. ಬಲಗಡೆಯ ಅಡುಗೆಮನೆ ಬಾಗಿಲಿಂದ ಎಡಗಡೆಯ ಕಿಟಕಿಗೆ, ಕಿಟಕಿಯಿಂದ ಮೂಲೆಯ ಕುರ್ಚಿಗೆ. ದಿನವಿಡೀ ಅದೇ. ಬೀಮು ಅಜ್ಜಿಯ ಹಿಂದೆ ಸೆರಗು ಹಿಡಿದ ಮಗುವಿನಂತೆ ಹೋಗುತ್ತಿತ್ತು. ಲ್ಯಾಬಿನಲ್ಲೂ ಬಾಗಿಲು ಬಲಕ್ಕೆ, ಕಿಟಕಿ ಎಡಕ್ಕೆ. ಇನ್ನೇನು ಬೇಕು ಅಂದುಕೊಂಡೆವು.

ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಬಂದವರು ತೆಂಗಿನಮರದ ಎತ್ತರದ ಸರ್. ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಬಾಗಿಲಿಂದ ಹೊರಟರು ನೋಡಿ, ಬಸ್ಸು ತಪ್ಪಿಹೋಗುತ್ತಿದೆ ಅನ್ನುವಂಥ ನಡಿಗೆ. ಕಿಟಕಿ ದಾಟಿ ಮೂಲೆಯ ಕಪ್ಪುಹಲಗೆಯ ಹತ್ತಿರ ಹೋಗಿ ನಿಂತರು. ವಿಡಿಯೋ ನಿಂತುಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಬೀಮು ತೋರಿಸುವ ಹಸಿರು ಗೆರೆ ಕಿಟಕಿಯ ಕಡೆಗೆ ಮುಖ ಮಾಡಿ ಗಟ್ಟಿಯಾಗಿ ಕೂತಿತ್ತು.

ಸರ್ ವಾಪಸ್ ಬಂದರು. ಗೆರೆ ಅಲ್ಲಾಡಲಿಲ್ಲ. ಮೀಟರ್ ಗೆರೆಯನ್ನೇ ನೋಡಿ ನನ್ನ ಕಿವಿಯಲ್ಲಿ ಅಂದಳು:

"ನಿಮ್ಮಜ್ಜಿ ಇನ್ನೂ ಎದುರುಮನೆ ಕಾರ್ ನೋಡ್ತಿದಾರೆ ಕಣೇ."

ತಕ್ಷಣ ಹೊಳೆಯಿತು. ಎದುರುಮನೆಯವರು ಕಾರನ್ನು ದಿನವೂ ಸೊಟ್ಟಗೆ ನಿಲ್ಲಿಸುತ್ತಾರೆ. ಅಜ್ಜಿ ಪ್ರತಿ ಸಲವೂ ಕಿಟಕಿಯ ಹತ್ತಿರ ನಿಂತು, ಅವರ ಇಡೀ ವಂಶವನ್ನು ವಿಚಾರಿಸಿಕೊಂಡೇ ಮುಂದೆ ಹೋಗುವುದು. ಮನುಷ್ಯರೆಂದರೆ ಕಿಟಕಿ ಕಂಡರೆ ನಿಲ್ಲುವವರು ಎಂದು ನಮ್ಮ ಬೋರ್ಡು ಕಲಿತುಬಿಟ್ಟಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮೇಡಂ ಕಣ್ಣು ಬಿಟ್ಟರೂ ನಿಲ್ಲಲಿಲ್ಲ.

"ಯಾಕಮ್ಮಾ, ಫೇಲಾಗೋದು ಅಷ್ಟು ಖುಷಿನಾ?" ಅಂದರು ಸರ್.

ನಗುವಿನ ನಡುವೆಯೇ ಎಲ್ಲ ಹೇಳಿದೆ. ಅಜ್ಜಿ, ಕಿಟಕಿ, ಕಾರು. ಸರ್ ನಗಲಿಲ್ಲ. ಒಬ್ಬರನ್ನೇ ನೋಡಿ ಕಲಿತದ್ದು ಊರಿಗೆಲ್ಲ ಹೇಗೆ ಸರಿಹೋಗುತ್ತೆ ಎಂದು ಕೇಳಿದರು. ಉಳಿದ ತಂಡಗಳನ್ನು ನೋಡಿ ಮುಗಿಸುವಷ್ಟರಲ್ಲಿ ಸರಿಮಾಡಿದರೆ ಇನ್ನೊಂದು ಸಲ ನಡೆಯುತ್ತೇನೆ, ಇಲ್ಲವಾದರೆ ಮುಂದಿನ ಸೆಮಿಸ್ಟರ್ ಸಿಗೋಣ ಅಂದರು.

ಬೋರ್ಡು ಎತ್ತಿಕೊಂಡು ಕಾರಿಡಾರಿಗೆ ಓಡಿದೆವು. ಬೇರೆಯವರನ್ನು ನಡೆಸಿ ಹೊಸದಾಗಿ ಕಲಿಸಲು ಸಮಯವಿಲ್ಲ. ನಾನು ಅಜ್ಜಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಏನಾದರೂ ಉಪಾಯ ಸಿಗುತ್ತದೇನೋ ಅಂತ. ಸಿಕ್ಕಿದ್ದು ಬೈಗುಳ. ತಾವು ಕಿಟಕಿಯ ಹತ್ತಿರ ನಿಲ್ಲುವುದೇ ಇಲ್ಲವಂತೆ, ಆ ಮಿಷನ್ನೇ ಸುಳ್ಳು ಹೇಳುತ್ತಿದೆಯಂತೆ.

"ಅಜ್ಜಿಗೆ ತಪ್ಪು ಒಪ್ಕೊಳ್ಳೋಕೆ ಆಗಲ್ಲ ಬಿಡು," ಅಂದೆ.

ಮೀಟರ್ ನನ್ನನ್ನೇ ದಿಟ್ಟಿಸಿದಳು. "ನಮ್ಮ ಬೋರ್ಡಿಗೂ ಆಗಲ್ಲ. ಅದನ್ನೇ ಕಲಿಸೋಣ."

ಅಷ್ಟೇ ಬೇಕಾಗಿದ್ದದ್ದು. ಊಹೆ ಇರಲಿ, ಆದರೆ ಸಿಗ್ನಲ್ ಕುಸಿದ ಕೂಡಲೇ ಬೋರ್ಡು ತನ್ನ ಊಹೆ ಬಿಡಬೇಕು. ಬೀಮನ್ನು ಅಗಲ ಮಾಡಿಕೊಂಡು, ಫೋನ್ ಕೊನೆಗೆ ಸಿಕ್ಕ ಜಾಗದ ಅಕ್ಕಪಕ್ಕ ನೋಡಬೇಕು. ಸಿಕ್ಕಿದ ಮೇಲೆ ಮತ್ತೆ ಸಣ್ಣಗಾಗಬೇಕು. ಅವಳು ನೆಲದ ಮೇಲೆ ಕೂತು ಟೈಪ್ ಮಾಡಿದಳು. ನಾನು ಫೋನ್ ಹಿಡಿದು ಓಡಿದೆ, ಕುಪ್ಪಳಿಸಿದೆ, ಅರ್ಧಕ್ಕೆ ತಿರುಗಿದೆ. ನೀರು ಕುಡಿಯಲು ಬಂದ ಜೂನಿಯರುಗಳು ಬಾಟಲಿ ತುಂಬಿಸುವುದನ್ನು ಮರೆತು ನಿಂತರು. ಮೊದಲು ಬೀಮು ಅಗಲವಾಗಿ ಹಾಗೇ ಉಳಿದುಬಿಟ್ಟಿತು. ಮೀಟರ್ ಒಂದು ಸಾಲು ಅಳಿಸಿದಳು. ಆಮೇಲೆ ನಾನು ಎತ್ತ ಹಾರಿದರೆ ಹಸಿರು ಗೆರೆಯೂ ಅತ್ತ.

ಬೋರ್ಡನ್ನು ಲ್ಯಾಬಿಗೆ ತಂದಿಟ್ಟೆವು, ಸರ್ ಮತ್ತೆ ಹೊರಟರು. ಈ ಸಲ ಬೇಕಂತಲೇ ಅಡ್ಡಾದಿಡ್ಡಿ. ಕಿಟಕಿಯನ್ನು ದಾಟಿದಾಗ ವಿಡಿಯೋ ಒಮ್ಮೆ ಮುಗ್ಗರಿಸಿತು. ಮೀಟರ್ ನನ್ನ ಕೈ ಹಿಂಡಿದಳು, ಉಗುರು ಇಳಿಯಿತು. ವಿಡಿಯೋ ಎದ್ದು ಮುಂದೆ ಓಡಿತು. ಮೂಲೆ, ಬಾಗಿಲು, ಬೆಂಚಿನ ಹಿಂದೆ, ಎಲ್ಲೆಲ್ಲೂ ಓಡಿತು.

"ಈಗ ನಿಮ್ಮಜ್ಜಿ ಥರ ನಡೀತೀನಿ," ಎಂದು ಸರ್ ನಿಧಾನವಾಗಿ ಕಿಟಕಿಯ ಕಡೆಗೆ ಹೆಜ್ಜೆ ಹಾಕಿದರು. ಅವರು ತಲುಪುವ ಮೊದಲೇ ಬೀಮು ಅಲ್ಲಿ ಹೋಗಿ ಕಾಯುತ್ತಿತ್ತು. ಅವರು ನಿಂತು ಹೊರಗೆ ಬಗ್ಗಿ ನೋಡಿದರು. ಎಷ್ಟು ಹೊತ್ತಾದರೂ ಕದಲಲಿಲ್ಲ.

"ಅಲ್ಲ, ಆ ಸ್ಕೂಟರ್ ಯಾರದು? ಹೀಗಾ ನಿಲ್ಲಿಸೋದು, ದಾರಿಗೆ ಅಡ್ಡ?"

ಮೇಡಂ ಸದ್ದಿಲ್ಲದೆ ಕೀ ತೆಗೆದುಕೊಂಡು ಕೆಳಗಿಳಿದು ಹೋದರು. ಸರ್ ನಮ್ಮ ಹೆಸರಿನ ಮುಂದೆ ಪಾಸ್ ಎಂದು ಬರೆದರು. ಮೀಟರ್ ಅತ್ತಳು, ಅದನ್ನೂ ಅಳತೆಯಲ್ಲಿ, ಎರಡೇ ಹನಿ.

ಸಂಜೆ ಅಜ್ಜಿಗೆ ಎಲ್ಲ ಹೇಳಿದೆ. ಅವರಿಗೆ ಪಾಸಿಗಿಂತ ಸ್ಕೂಟರಿನ ಸುದ್ದಿಯೇ ಹಿಡಿಸಿತು. ಆ ಸರ್‌ಗೆ ಒಳ್ಳೆಯ ಸಂಸ್ಕಾರ ಇದೆ ಎಂದು ಹೊಗಳುತ್ತಲೇ ಎದ್ದರು, ಅಡುಗೆಮನೆಯ ಕಡೆಗೆ ಹೊರಟು ಕಿಟಕಿಯ ಹತ್ತಿರ ನಿಂತರು.