ಎಳೆದುಕೊಳ್ಳಲು ಬೇಕಾದ ಉಸಿರು

ನಮ್ಮೂರು ಥೇಬೆಕ್‌ನ ಕಲ್ಲಿದ್ದಲು ಗಣಿಗಳು ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಧೂಳು ಮಾತ್ರ ನಮ್ಮ ಎದೆಯೊಳಗೇ ಉಳಿದಿತ್ತು. ಆಸ್ಪತ್ರೆಯ ಆ ವಾರ್ಡಿನಲ್ಲಿದ್ದವರೆಲ್ಲ ಗಣಿಯವರೇ. ನನ್ನ ಪಕ್ಕದ ಹಾಸಿಗೆ ಪ್ಯೋ ಮಾನ್‌ಸೊಕ್ ಅಣ್ಣನದು. ಬಂಡೆ ಕೊರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಈಗ ಬಚ್ಚಲಿಗೆ ಹೋಗಿಬರುವಷ್ಟರಲ್ಲೇ ತುಟಿ ನೀಲಿಗಟ್ಟುತ್ತಿತ್ತು.

ಹೊಸದಾಗಿ ಬಂದ ಡಾಕ್ಟರ್ ನಾಮ್ ಅವನ ಔಷಧಿಗಳನ್ನೆಲ್ಲ ಮತ್ತೆ ನೋಡಿದರು. ಬಹುಕಾಲದಿಂದ ನುಂಗುತ್ತಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡುತ್ತ, ಪುಡಿ ಎಳೆದುಕೊಳ್ಳುವ ಇನ್‌ಹೇಲರ್ ಬರೆದರು.

"ಆ ಮಾತ್ರೆ ನಿಮ್ಮ ಮೂಳೇನ ತಿಂತಾ ಇದೆ ತಾತ. ಇದಾದ್ರೆ ಸೀದಾ ಎದೆಗೇ ಹೋಗುತ್ತೆ. ಜೋರಾಗಿ ಎಳ್ಕೊಳ್ಳಿ."

ಅಣ್ಣ ಎಳೆದ. ಪುಡಿ ನಾಲಿಗೆಯ ಮೇಲೇ ಉಳಿಯಿತು.

"ಜೋರಾಗಿ ಎಳೆಯೋ ಅಷ್ಟು ಉಸ್ರಿದ್ದಿದ್ರೆ ನಿಮ್ಮ ಹತ್ರ ಯಾಕ್ರೀ ಬರ್ತಿದ್ದೆ, ಡಾಕ್ಟ್ರೇ?"

ವಾರ್ಡೆಲ್ಲ ನಕ್ಕಿತು, ನಕ್ಕದ್ದಕ್ಕೆ ಕೆಮ್ಮಿತು. ಡಾಕ್ಟರ್ ನಗಲಿಲ್ಲ. ಇನ್‌ಹೇಲರ್ ನಿಲ್ಲಿಸಿ, ಔಷಧಿಯನ್ನು ಮಂಜಿನಂತೆ ಮಾಡಿ ಬಿಡುವ ಯಂತ್ರ ತರಿಸಿದರು. ಅದರಿಂದ ತುಸು ಹಗುರಾದರೂ, ಮಾತ್ರೆ ಕಡಿಮೆಯಾದಂತೆ ಉಬ್ಬಸ ಏರಿತು. ಮಲಗಲಾಗದೆ ಅಣ್ಣ ದಿಂಬನ್ನು ತಬ್ಬಿ ಕೂತೇ ಇರುತ್ತಿದ್ದ.

ಅವನ ಹೆಂಡತಿ ಒಕ್‌ಬುನ್ ಡಾಕ್ಟರನ್ನು ಬಾಗಿಲಲ್ಲೇ ತಡೆದಳು.

"ಆ ಮಾತ್ರೇನೇ ಮೊದಲಿನ ಹಾಗೆ ಕೊಡಿ."

"ಕೊಟ್ರೆ ಮೂಳೆ ಮುರಿಯುತ್ತೆ ಅಜ್ಜಿ, ಸೋಂಕು ತಗಲುತ್ತೆ."

"ಕೊಡದಿದ್ರೆ?"

ಡಾಕ್ಟರ್ ಆ ಮಾತ್ರೆಯನ್ನೇ ಮತ್ತೆ ಬರೆದುಕೊಟ್ಟರು.

ಕೆಲವು ದಿನ ಅಣ್ಣ ಹೊಸ ಮನುಷ್ಯನಾದ. ಹೆಂಡತಿ ತಂದ ಆಲೂಗಡ್ಡೆ ದೋಸೆಯನ್ನು ಬಾಚಿ ತಿಂದ. "ಲೇ ಪಿಲ್‌ಗು, ನಿನ್ನ ಗೊರಕೆ ಕೇಳೋಕೇ ನನ್ನ ಜೀವ ಉಳ್ಸವ್ರೆ ಕಣೋ," ಎಂದು ನನ್ನನ್ನು ರೇಗಿಸಿದ.

ಒಂದು ಬೆಳಿಗ್ಗೆ ಚಪ್ಪಲಿಗೆ ಬಗ್ಗಿದವನು ಚೀರಿದ. ಬೆನ್ನೆಲುಬು ಕುಸಿದಿತ್ತು. ನೋವಿಗೆ ಕೆಮ್ಮಲಾಗಲಿಲ್ಲ, ಕೆಮ್ಮಲಾಗದೆ ಕಫ ಒಳಗೇ ಕಟ್ಟಿತು, ಜ್ವರ ಏರಿತು. ಡ್ರಿಪ್‌ನಲ್ಲಿ ಔಷಧಿ ಬದಲಾಯಿಸಿ ಬದಲಾಯಿಸಿ ಹಾಕಿದರು. ಯಾವುದಕ್ಕೂ ಜ್ವರ ಜಗ್ಗಲಿಲ್ಲ.

ಡಾಕ್ಟರ್ ಮಂಚದ ಅಂಚಿಗೆ ಕೂತರು. "ನೋವು ಪೂರ್ತಿ ಹೋಗೋ ಅಷ್ಟು ಮಾರ್ಫಿನ್ ಕೊಟ್ರೆ ಉಸಿರು ನಿಲ್ಲಬಹುದು ತಾತ. ಕಮ್ಮಿ ಕೊಟ್ರೆ ನೋವು ಉಳಿಯುತ್ತೆ. ವಾಸಿ ಮಾಡೋದು ನನ್ನ ಹತ್ರ ಇನ್ನೇನೂ ಇಲ್ಲ."

ಅಣ್ಣ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. "ಇವ್ಳು ನೋಡ್ತಾ ಇದಾಳೆ. ಚೀರದ ಹಾಗಾದ್ರೂ ಮಾಡಿ."

ತುಸು ಮಾರ್ಫಿನ್ ಕೊಟ್ಟರು. ಚೀರಾಟ ನಿಂತಿತು. ಮರುದಿನ ಮಧ್ಯಾಹ್ನ ಊಟದ ಗಾಡಿ ಬರುವ ಹೊತ್ತಿಗೆ, ಒಕ್‌ಬುನ್‌ಳ ಹೆಗಲಿಗೆ ಒರಗಿ ಕೂತಲ್ಲೇ ಹೋಗಿಬಿಟ್ಟ.

ನರ್ಸ್ ಬಂದು ಅವನನ್ನು ಮಲಗಿಸಲು ಹೋದಳು. ಒಕ್‌ಬುನ್ ಬಿಡಲಿಲ್ಲ.

"ಅಂಗಾತ ಮಲಗಿಸ್ಬೇಡಮ್ಮ. ಅವ್ರಿಗೆ ಉಸಿರು ಕಟ್ಟುತ್ತೆ."

ನರ್ಸ್ ಕೈ ತೆಗೆದು ಅವಳ ಪಕ್ಕದಲ್ಲಿ ನಿಂತಳು. ನಾನು ಗೋಡೆಯ ಕಡೆಗೆ ತಿರುಗಿಕೊಂಡೆ.