ಬಾಡಿಗೆಯ ಬಿಳಿ ಕೋಟು

"ಏನೇ, ಹೆರಿಗೆಗೆ ಕೂತಿದ್ದೀಯಾ? ಆಗ್ಲಿಂದ ಒಂದು ಸಾಲೂ ಇಳಿದಿಲ್ಲ. ಯೋಚನೆ ಮಾಡಿ ಬರೆಯೋಕೆ ನೀನೇನು ಕವಿಯಾ? ಕುಟ್ಟೇ ಬೇಗ."

ಯಜಮಾನ ನನ್ನ ಕುರ್ಚಿಯ ಕಾಲಿಗೆ ಒದ್ದ. ಸಾಲಾಗಿ ಕೂತಿದ್ದ ಯಾರೂ ತಲೆ ಎತ್ತಲಿಲ್ಲ. ಈ ನೆಲಮಾಳಿಗೆಯಲ್ಲಿ ಕೂತು ಇಂಟರ್ನೆಟ್ಟಿಗೆ ಲೇಖನ ಕುಟ್ಟುವವರು ನಾವು. ಮೂತ್ರಕ್ಕೆ ಹೋಗಬೇಕಾದರೂ ಅವನ ಮುಖ ನೋಡಬೇಕು. ನನ್ನ ಪಕ್ಕದವನು ದಿನಭವಿಷ್ಯ ಬರೆಯುತ್ತಾನೆ. ಊರಿಗೆಲ್ಲ ಧನಲಾಭ ಹಂಚುವ ಅವನ ಚಪ್ಪಲಿಗೆ ಪಿನ್ನು ಚುಚ್ಚಿದೆ. ನನ್ನದು ಆರೋಗ್ಯ. ನನ್ನ ಲೇಖನಗಳ ಮೇಲೆ ಬಿಳಿ ಕೋಟಿನ ಡಾಕ್ಟರೊಬ್ಬರ ಫೋಟೋ ಇರುತ್ತದೆ. ಆತ ಯಜಮಾನನ ಭಾಮೈದ, ಟೈಲ್ಸ್ ವ್ಯಾಪಾರಿ. ಕೋಟು ಬಾಡಿಗೆಯದು.

ಹೋದ ವಾರ ಯಜಮಾನ ಬಿ.ಪಿ. ಮಾತ್ರೆ ಬಿಡುವುದು ಹೇಗೆಂದು ಬರೆಸಿದ್ದ. ಅಲ್ಲಿಷ್ಟು ಇಲ್ಲಿಷ್ಟು ಎತ್ತಿ ಹೊಲಿದೆ. ಉದ್ದ ಸಾಲದಾದಾಗ 'ಮೊದಮೊದಲು ತಲೆ ಸಿಡಿದರೆ ಹೆದರಬೇಡಿ, ಅದು ವಿಷ ಹೊರಬೀಳುವ ಲಕ್ಷಣ' ಎಂದು ನನ್ನ ತಲೆಯಿಂದಲೇ ಸೇರಿಸಿದೆ. ಕೊನೆಗೆ 'ವೈದ್ಯರನ್ನು ಕೇಳಿ' ಎಂದಿದ್ದೆ. ಯಜಮಾನ ಅದನ್ನು ಹೊಡೆದುಹಾಕಿದ. ಓದುವವನು ವೈದ್ಯರ ಹತ್ತಿರ ಹೋದರೆ ನಮ್ಮ ಹತ್ತಿರ ಯಾಕೆ ಬರುತ್ತಾನೆ ಎಂದ.

ಇವತ್ತು ಬೆಳಿಗ್ಗೆ ಅಮ್ಮ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಗೋಡೆಗೆ ಹಣೆಯೊತ್ತಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಅವಳ ಬಿ.ಪಿ. ಮಾತ್ರೆಗಳು ಹಾಗೇ ಉಳಿದಿದ್ದವು.

"ಡಾಕ್ಟ್ರೇ ಬರ್ದಿದಾರೆ ಕಣೇ, ಶುರುನಲ್ಲಿ ತಲೆ ಸಿಡಿಯುತ್ತೆ, ಹೆದರ್ಬೇಡಿ ಅಂತ," ಎಂದು ಫೋನು ತೋರಿಸಿದಳು.

ಅದನ್ನು ಬರೆದವಳು ನಾನೇ ಎಂದೆ.

"ನೆಗಡಿ ಬಂದ್ರೂ ಅಮ್ಮಾ ಅನ್ನೋಳು ನೀನು. ಇದನ್ನ ನೀನ್ ಬರ್ದಿದೀಯಾ?"

ನಗಲು ಹೋಗಿ ಹಣೆ ಹಿಡಿದುಕೊಂಡಳು. ಮಾತ್ರೆ ಬಾಯಿಗಿಟ್ಟರೆ ಉಗುಳಿದಳು. ಆಸ್ಪತ್ರೆಗೆ ಹೋಗೋಣವೆಂದರೆ ಇಸ್ತ್ರಿಗೆ ಬಂದ ಗಿರಾಕಿಗಳ ಬಟ್ಟೆ ಗುಡ್ಡೆ ಬಿದ್ದಿದೆ ಎಂದಳು. ಲೇಖನ ತೆಗೆಸಿದರಾದರೂ ನಂಬಿಯಾಳು ಎಂದು ಓಡಿ ಬಂದಿದ್ದೆ. ಬಾಯಿ ಬಿಡಲು ಧೈರ್ಯ ಸಾಲದೆ ಕೂತಿದ್ದೆ. ಈಗ ಬಿಟ್ಟೆ.

"ಸಾರ್, ಆ ಬಿ.ಪಿ. ಲೇಖನ ತೆಗೀರಿ. ನಮ್ಮಮ್ಮ ಮಾತ್ರೆ ಬಿಟ್ಟಿದಾಳೆ."

ಅವನು ಗೋಡೆಯ ಪರದೆ ತೋರಿಸಿದ. ಯಾವ ಲೇಖನವನ್ನು ಎಷ್ಟು ಜನ ಓದುತ್ತಿದ್ದಾರೆಂದು ಅದರಲ್ಲಿ ಕಾಣುತ್ತದೆ. ನನ್ನದೇ ಎಲ್ಲಕ್ಕಿಂತ ಮೇಲಿತ್ತು.

"ನಿಮ್ಮಮ್ಮನಿಗೋಸ್ಕರ ನಾನು ಅಂಗಡಿ ಮುಚ್ಬೇಕೇನೇ, ಬೇವರ್ಸಿ? ಏನಾದ್ರೂ ಆದ್ರೆ ಪೊಲೀಸ್ರು ಹಿಡಿಯೋದು ಕುಟ್ಟಿದ ಕೈನ. ಬಾಯ್ಮುಚ್ಕೊಂಡು ಕೂತ್ಕೋ."

ಜೈಲು ಕಣ್ಣಮುಂದೆ ಬಂತು, ಅಮ್ಮನ ಕೆಂಪು ಕಣ್ಣೂ ಬಂತು.

ಅವನು ಸಿಗರೇಟಿಗೆಂದು ಮೇಲೆ ಹೋದ. ನಾನು ಆ ಲೇಖನ ತೆರೆದು ಪೂರ್ತಿ ಅಳಿಸಿದೆ. 'ನಾನು ಡಾಕ್ಟರಲ್ಲ' ಎಂದು ಬರೆದೆ. ಅದನ್ನೂ ಅಳಿಸಿದೆ. ಅಮ್ಮ ನಂಬುವುದು ಆ ಕೋಟನ್ನು, ನನ್ನನ್ನಲ್ಲ. ಕೋಟಿನ ಕೆಳಗೇ ಕುಟ್ಟಿದೆ: 'ನಾನು ಬರೆದದ್ದು ಸುಳ್ಳು. ಮಾತ್ರೆ ಬಿಡಬೇಡಿ. ತಲೆ ಸಿಡಿಯುತ್ತಿದ್ದರೆ ಈಗಲೇ ಆಸ್ಪತ್ರೆಗೆ ಹೋಗಿ.' ಇಷ್ಟು ಬೇಗ ನಾನು ಯಾವತ್ತೂ ಬರೆದಿರಲಿಲ್ಲ.

ಪ್ರಕಟಿಸಿ ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಯಜಮಾನ ತನ್ನ ಫೋನಿನಲ್ಲಿ ನೋಡಿರಬೇಕು, ಅಲ್ಲಿಂದಲೇ ನನ್ನ ಹುಟ್ಟನ್ನು ಬೈಯುತ್ತಾ ಇಳಿಯುತ್ತಿದ್ದ. ಭವಿಷ್ಯ ಬರೆಯುವವನು ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದು ಕೂತ.

ಬಾಗಿಲಿಗೆ ಒದೆ ಬೀಳತೊಡಗಿತು. ಪರದೆಯಲ್ಲಿ ಓದುವವರ ಸಂಖ್ಯೆ ಏರುತ್ತಲೇ ಇತ್ತು. ಅವರಲ್ಲಿ ಅಮ್ಮ ಇದ್ದಾಳೋ ಇಲ್ಲವೋ, ಆ ಪರದೆ ಹೇಳುವುದಿಲ್ಲ. ಕಿವಿಗೊತ್ತಿಕೊಂಡ ಫೋನು ರಿಂಗಾಗುತ್ತಿತ್ತು.